ಶ್ರೀ, ಫ್ರೌ, ಸಾನ್: ಹೆಸರಿನ ಹಿಂದೆ ಮುಂದೆ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಹೆಸರಿಗೆ ಮುಂಚೆ ಅಥವಾ ಆಮೇಲೆ ನಾವು ಅಂಟಿಸುವ ಗೌರವದ ಮಾತುಗಳು. ಯಾವುದಕ್ಕೆ ಏನರ್ಥ, ಇನ್ನೊಂದು ಭಾಷೆಗೆ ಹೋದಾಗ ಏನು ಬರೆಯಬೇಕು, ಬಿಟ್ಟರೆ ತಪ್ಪಾಗುತ್ತಾ, ಇಂಥವು. ಕಾಗುಣಿತದ ಜಗಳಗಳನ್ನು ಮುಂದಿನ ತಿಂಗಳಿಗೆ ತಳ್ಳಿ ಇವನ್ನೇ ಒಟ್ಟಿಗೆ ಹಾಕಿದ್ದೇನೆ.

ಪ್ರ: ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅಲ್ಲಿನ ಕಚೇರಿಯೊಂದರಿಂದ ಬಂದ ಕಾಗದದ ಫೋಟೊ ಕಳಿಸಿದ್ದಳು. ಅನುವಾದದ ಆ್ಯಪ್‌ಗೆ ಹಾಕಿದರೆ ‘ಗೌರವಾನ್ವಿತ ಶ್ರೀಮತಿ’ ಅಂತ ಶುರುವಾಗಿ ಮುಂದೆ ನನ್ನ ಹೆಸರು ಬಂತು! ನಮ್ಮ ತಾಯಿ ಅದನ್ನು ನೋಡಿ, ‘ಹುಡುಗಿ ಹೇಳದೆ ಕೇಳದೆ ಮದುವೆ ಆಗ್ಯಾಳೇನು, ಅದೂ ಅಪ್ಪನ ಹೆಸರಿನವನನ್ನ’ ಅಂತ ಮುಖ ಊದಿಸಿಕೊಂಡು ಕೂತರು. ಮೂಲದಲ್ಲಿ ‘ಫ್ರೌ’ ಅಂತಿದೆ. ಅದು ಶ್ರೀಮತಿನಾ, ಕುಮಾರಿನಾ? — ಒಬ್ಬ ತಂದೆ, ಧಾರವಾಡ

ಉ: ಎರಡೂ ಅಲ್ಲ. ಅಜ್ಜಿಗೆ ಮೊದಲು ಸಮಾಧಾನ ಹೇಳಿ. ಇವತ್ತಿನ ಜರ್ಮನಿಯಲ್ಲಿ ಫ್ರೌ ಅಂದರೆ ಪ್ರಾಯಕ್ಕೆ ಬಂದ ಹೆಣ್ಣು, ಅಷ್ಟೇ. ಮದುವೆ ಆಗಿದೆಯೋ ಇಲ್ಲವೋ ಅದು ಹೇಳುವುದೇ ಇಲ್ಲ. ಗೊಂದಲ ಎಲ್ಲಿಂದ ಬರುತ್ತೆ ಅಂದರೆ, ಅದೇ ಪದಕ್ಕೆ ಹೆಂಡತಿ ಅನ್ನೋ ಅರ್ಥವೂ ಇದೆ. ‘ಮೈನೆ ಫ್ರೌ’ ಅಂದರೆ ನನ್ನ ಹೆಂಡತಿ. ಹೆಸರಿನ ಮುಂದೆ ಕೂತಾಗ ಆ ಅರ್ಥ ಇರುವುದಿಲ್ಲ.

ಮೊದಲೆಲ್ಲ ಹೀಗಿರಲಿಲ್ಲ. ಮದುವೆ ಆಗದವರಿಗೆ ‘ಫ್ರಾಯ್ಲೈನ್’ ಅಂತಿದ್ದರು. ಕೊನೆಯ ‘ಲೈನ್’ ಚಿಕ್ಕದು ಅನ್ನುವುದನ್ನು ಹೇಳುವ ಪ್ರತ್ಯಯ. ಅಂದರೆ ‘ಪುಟ್ಟ ಹೆಂಗಸು’. ಶಾಲೆಯ ಹೆಡ್‌ಮೇಡಂ ಆಗಿ ನಿವೃತ್ತಿಯ ಹತ್ತಿರ ಬಂದರೂ ತಾಳಿ ಇಲ್ಲ ಅಂದರೆ ಪುಟ್ಟ ಹೆಂಗಸೇ! ಗಂಡಸು ಮಾತ್ರ ಮದುವೆಗೆ ಮುಂಚೆಯೂ ‘ಹೆರ್’, ಆಮೇಲೂ ‘ಹೆರ್’. ಇದು ಸರಿಯಲ್ಲ ಅಂತ ಹೆಂಗಸರು ಬಹಳ ಕಾಲ ಹೇಳಿದ ಮೇಲೆ 1972ರಲ್ಲಿ ಪಶ್ಚಿಮ ಜರ್ಮನಿಯ ಗೃಹ ಸಚಿವಾಲಯ ಸರ್ಕಾರಿ ಕಾಗದಪತ್ರದಲ್ಲಿ ಫ್ರಾಯ್ಲೈನ್ ಬೇಡ, ಎಲ್ಲರಿಗೂ ಫ್ರೌ ಸಾಕು ಅಂತ ಮಾಡಿತು. ಫ್ರಾನ್ಸ್ ಇದಕ್ಕೆ ಇನ್ನೂ 40 ವರ್ಷ ತಗೊಂಡಿತು. ಅಲ್ಲಿ 2012ರ ಫೆಬ್ರುವರಿಯಲ್ಲಿ ಪ್ರಧಾನಿ ಫ್ರಾಂಸ್ವಾ ಫಿಯೋಂ ಅವರ ಸುತ್ತೋಲೆ ಬಂದು ಸರ್ಕಾರಿ ಫಾರಂಗಳಿಂದ ‘ಮದ್ಮ್ವಾಜೆಲ್’ ಹೋಯಿತು, ‘ಮದಾಮ್’ ಉಳಿಯಿತು. ‘ಮದುವೆಗೆ ಮುಂಚಿನ ಹೆಸರು’ ಅನ್ನೋ ಕಾಲಂ ಕೂಡ ಅದರ ಜೊತೆಗೇ ಹೋಯಿತು. ಇಂಗ್ಲಿಷಿನವರ ದಾರಿ ಬೇರೆ. ಇದ್ದ ಎರಡರಲ್ಲಿ ಒಂದನ್ನು ಕಿತ್ತುಹಾಕುವ ಬದಲು ಮೂರನೆಯದನ್ನು ತಂದರು. ಮಿಸ್ ಮತ್ತು ಮಿಸೆಸ್ ಎರಡಕ್ಕೂ ನಡುವೆ ‘ಮಿಜ್’. ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಪತ್ರಿಕೆ 1901ರಲ್ಲೇ ಇದನ್ನು ಸೂಚಿಸಿತ್ತು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಅದನ್ನು ಒಪ್ಪಿಕೊಂಡಿದ್ದು 1986ರಲ್ಲಿ.

ನಾವು? ನಾವಿನ್ನೂ ಫಾರಂ ತುಂಬುವಾಗ ಶ್ರೀಮತಿಯೋ ಕುಮಾರಿಯೋ ಅಂತ ಟಿಕ್ ಹಾಕುತ್ತಿದ್ದೇವೆ. ತಮಾಷೆ ಅಂದರೆ ಶ್ರೀಮತಿ ಪದದೊಳಗೆ ಮದುವೆಯ ಸುಳಿವೇ ಇಲ್ಲ. ಶ್ರೀ ಉಳ್ಳವಳು ಅಂತಷ್ಟೇ. ಬಳಕೆಯಲ್ಲಿ ಅದಕ್ಕೆ ತಾಳಿ ಕಟ್ಟಿದವರು ನಾವು. ಹಿಂದಿಯವರು ಮದುವೆಯ ಸುದ್ದಿ ಹೇಳದ ‘ಸುಶ್ರೀ’ ಅಂತ ಒಂದು ತಂದುಕೊಂಡರು, ಕನ್ನಡದಲ್ಲಿ ಅದು ನಿಲ್ಲಲಿಲ್ಲ. ತಮಿಳಿನವರು ತಿರು, ತಿರುಮತಿ, ಸೆಲ್ವಿ ಅಂತ ಮೂರು ಇಟ್ಟುಕೊಂಡಿದ್ದಾರೆ, ನಮ್ಮ ಶ್ರೀ, ಶ್ರೀಮತಿ, ಕುಮಾರಿ ಇದ್ದ ಹಾಗೆ. ಜಯಲಲಿತಾ ಮುಖ್ಯಮಂತ್ರಿ ಆಗಿದ್ದಾಗಲೂ ‘ಸೆಲ್ವಿ ಜೆ. ಜಯಲಲಿತಾ’ ಅಂತಲೇ ಬರೆಯುತ್ತಿದ್ದರು. ನನ್ನನ್ನು ಕೇಳಿದರೆ ಕನ್ನಡದಲ್ಲಿ ಇವ್ಯಾವೂ ಬೇಕಾಗಿಲ್ಲ. ಹೆಸರು ಬರೆದು ಪಕ್ಕದಲ್ಲಿ ‘ಅವರಿಗೆ’ ಅಂದರೆ ಮುಗಿಯಿತು. ಮರ್ಯಾದೆಯೂ ಆಯಿತು, ಮದುವೆಯ ವಿಚಾರಣೆಯೂ ತಪ್ಪಿತು.

ಇನ್ನು ನಿಮ್ಮ ಹೆಸರು ಅಲ್ಲಿಗೆ ಹೋಗಿ ಕೂತಿದ್ದು. ಫ್ರೌ, ಹೆರ್ ಯಾವಾಗಲೂ ಮನೆತನದ ಹೆಸರಿಗೆ ಅಂಟುತ್ತವೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗಕ್ಕೆ ಅಪ್ಪನ ಹೆಸರು ಬರೆಸಿದ ನಮ್ಮ ಕಡೆಯ ಹುಡುಗಿಯರೆಲ್ಲ ಯುರೋಪಿನಲ್ಲಿ ಅಪ್ಪನ ಹೆಸರಿನಲ್ಲೇ ಕರೆಸಿಕೊಳ್ಳುತ್ತಾರೆ. ಕ್ಲಿನಿಕ್ಕಿನಲ್ಲಿ ‘ಫ್ರೌ’ ಅಂತ ನಿಮ್ಮ ಹೆಸರು ಕೂಗಿದಾಗ ಎದ್ದು ಹೋಗಬೇಕಾದವಳು ಅವಳು. ಕಾಗದದಲ್ಲಿ ಅದು ಹಾಗೇ ಮುಂದುವರಿಯುತ್ತೆ, ಬದಲಾಯಿಸಲು ಹೋದರೆ ಕಚೇರಿ ಕಚೇರಿ ಅಲೆದಾಟ. ಗೆಳೆಯರಿಗೆ ತನ್ನ ಹೆಸರು ಇದು ಅಂತ ಹೇಳಿಕೊಂಡರೆ ಸಾಕು.

ಪ್ರ: ಮದುವೆಯಾಗಿ ಮೊಮ್ಮಕ್ಕಳಿರುವ ಟೀಚರನ್ನೂ ಮಕ್ಕಳು ‘ಮಿಸ್’ ಅಂತಾರೆ. ತಪ್ಪಲ್ಲವೇ? — ನಿವೃತ್ತ ಶಿಕ್ಷಕಿ, ತುಮಕೂರು

ಉ: ಇಂಗ್ಲೆಂಡಿನ ಶಾಲೆಗಳಲ್ಲೂ ಮಕ್ಕಳು ಹಾಗೇ ಕರೆಯುತ್ತಾರೆ, ಬೇಜಾರು ಬೇಡ. ಮಿಸ್, ಮಿಸೆಸ್ ಎರಡೂ ‘ಮಿಸ್ಟ್ರೆಸ್’ ಅನ್ನುವುದರ ಮೊಟಕು ರೂಪಗಳೇ. ಮನೆಯ ಯಜಮಾನಿ ಅಂತ ಅದರ ಮೂಲ ಅರ್ಥ. ಇವಕ್ಕೆ ಮದುವೆಯ ಲೆಕ್ಕ ಅಂಟಿಕೊಂಡಿದ್ದು ಆಮೇಲೆ.

ಇದರ ವಂಶ ನೋಡಿದರೆ ಖುಷಿಯಾಗುತ್ತೆ. ಲ್ಯಾಟಿನ್ನಿನಲ್ಲಿ ‘ಮಗಿಸ್ತೆರ್’ ಅಂತ ಒಂದು ಪದ. ದೊಡ್ಡವನು, ಕಲಿಸುವವನು. ಅದು ಇಂಗ್ಲಿಷಿಗೆ ಬಂದು ಮಾಸ್ಟರ್ ಆಯಿತು, ಮಾಸ್ಟರ್ ಸವೆದು ಮಿಸ್ಟರ್ ಆಯಿತು. ಮಾಸ್ಟರ್ ನಮ್ಮೂರಿಗೆ ಬಂದು ಹಳೇ ಮೈಸೂರಿನಲ್ಲಿ ಮೇಷ್ಟ್ರು, ಧಾರವಾಡದ ಕಡೆ ಮಾಸ್ತರು ಆಯಿತು. ಅದೇ ಲ್ಯಾಟಿನ್ ಪದ ಪೋರ್ಚುಗೀಸರ ಬಾಯಲ್ಲಿ ‘ಮೆಸ್ತ್ರೆ’ ಆಗಿ, ಹಡಗಿಳಿದು, ಇಲ್ಲಿ ಗಾರೆ ಕೆಲಸದ ಮೇಸ್ತ್ರಿ ಆಯಿತು. ಅಂದರೆ ಶಾಲೆ ಕಟ್ಟುವ ಮೇಸ್ತ್ರಿ, ಅದರಲ್ಲಿ ಪಾಠ ಹೇಳುವ ಮೇಷ್ಟ್ರು, ಪಕ್ಕದ ಕ್ಲಾಸಿನ ಮಿಸ್ಸು, ಮೂವರೂ ಒಂದೇ ಮನೆತನ. ಹಾಗಿದ್ದರೂ ಮೇಷ್ಟ್ರು ಅನ್ನುವುದನ್ನು ಇಂಗ್ಲಿಷಿಗೆ ಮಾಸ್ಟರ್ ಅಂತ ಹಾಕಿದರೆ ಕೆಡುತ್ತೆ. ಅಲ್ಲಿ ಅದು ಈಗ ಒಡೆಯನೂ ಹೌದು, ಹಳೆಯ ಪದ್ಧತಿಯಲ್ಲಿ ಚಿಕ್ಕ ಹುಡುಗನ ಹೆಸರಿನ ಮುಂದೆ ಬರುವ ಮಾತೂ ಹೌದು. ನಿಮಗೆ ಮಿಸ್ ಬೇಡವೇ ಬೇಡ ಅಂದರೆ ಉತ್ತರ ಕರ್ನಾಟಕದ ಶಾಲೆಗಳ ‘ಅಕ್ಕೋರು’ ಇದೆ. ನನಗಂತೂ ಅದು ಬಹಳ ಇಷ್ಟ.

ಪ್ರ: ಇಂಗ್ಲಿಷಿನ ಮೂಲಕ ಒಂದು ಜಪಾನೀ ಕಥೆ ಅನುವಾದ ಮಾಡುತ್ತಿದ್ದೇನೆ. ಎಲ್ಲರ ಹೆಸರಿನ ಕೊನೆಗೂ ‘ಸಾನ್’ ಇದೆ. ಹಾಗೇ ಬಿಡಲೇ, ‘ಶ್ರೀ ತನಕಾ’ ಅನ್ನಲೇ, ‘ತನಕಾ ಅವರೇ’ ಅನ್ನಲೇ? ಒಂದೊಂದು ಪುಟಕ್ಕೆ ಒಂದೊಂದು ಸರಿ ಅನ್ನಿಸುತ್ತಿದೆ. — ಕಾಲೇಜು ಉಪನ್ಯಾಸಕಿ, ಶಿವಮೊಗ್ಗ

ಉ: ‘ಶ್ರೀ ತನಕಾ’ ಮಾತ್ರ ಬೇಡ. ಶ್ರೀ ನಮ್ಮ ಬಾಯಲ್ಲಿ ಇರುವ ಮಾತಲ್ಲ, ಲಕೋಟೆ ಮೇಲಿನ ಮಾತು. ಎದುರಿಗೆ ಸಿಕ್ಕಿದವರನ್ನು ಯಾರಾದರೂ ‘ಶ್ರೀ ಮಂಜುನಾಥರೇ’ ಅಂತ ಕರೆಯುತ್ತಾರಾ? ಕರೆದರೆ ಆಚೆಯವರಿಗೆ ಗೇಲಿ ಮಾಡುತ್ತಿದ್ದಾರೆ ಅನ್ನಿಸುತ್ತೆ.

ಸಾನ್ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ, ಇಂಗ್ಲಿಷಿಗೆ ಇಲ್ಲದ್ದು. ಸಾನ್ ಗಂಡು ಹೆಣ್ಣು ಹೇಳುವುದಿಲ್ಲ. ಮದುವೆ ಹೇಳುವುದಿಲ್ಲ. ಇಂಗ್ಲಿಷ್ ಅನುವಾದಕರು ಸಾನ್ ತೆಗೆದರೆ ಮಿಸ್ಟರ್ ಅಂತಲೋ ಮಿಸ್ ಅಂತಲೋ ಹಾಕಬೇಕಾಗುತ್ತೆ, ಹಾಕಿದ ಕೂಡಲೇ ಮೂಲದಲ್ಲಿ ಇಲ್ಲದ ಸುದ್ದಿ ಒಳಗೆ ಬಂತು. ನಮ್ಮಲ್ಲಿ ‘ತನಕಾ ಅವರು ಬಂದರು’. ಬಂದಿದ್ದು ಗಂಡಸೋ ಹೆಂಗಸೋ ಯಾರಿಗೂ ಗೊತ್ತಾಗಲ್ಲ. ಕಥೆಗಾರರು ಅದನ್ನು ಬೇಕಂತಲೇ ಮುಚ್ಚಿಟ್ಟಿದ್ದರೆ ನಿಮ್ಮ ಕನ್ನಡದಲ್ಲೂ ಅದು ಮುಚ್ಚಿಯೇ ಇರುತ್ತೆ. ಹಾಗಾಗಿ ನಡುವಿನ ಇಂಗ್ಲಿಷಿನಲ್ಲಿ ಮಿಸ್ಟರ್ ಕಂಡರೆ ನಂಬಿಬಿಡಬೇಡಿ.

ಆದರೆ ‘ಅವರು’ ಎಲ್ಲ ಕಡೆ ಸರಿಹೋಗುವುದಿಲ್ಲ. ಒಂದು ಆಫೀಸಿನ ಫೋನು ನೋಡಿ. ಹೊರಗಿನವರು ಫೋನು ಮಾಡಿ ‘ತನಕಾ-ಸಾನ್ ಇದ್ದಾರಾ?’ ಅಂತ ಕೇಳುತ್ತಾರೆ. ತನಕಾ ಅಲ್ಲಿನ ದೊಡ್ಡ ಅಧಿಕಾರಿ. ಫೋನು ಎತ್ತಿದ ಹೊಸ ಹುಡುಗ ಏನನ್ನಬೇಕು? ‘ತನಕಾ ಈಗ ಸೀಟಿನಲ್ಲಿಲ್ಲ’. ಬರೀ ತನಕಾ! ಸಾನ್ ಇಲ್ಲ. ಹೊರಗಿನವರ ಎದುರು ತನ್ನ ಕಂಪನಿಯ ಮಂದಿ ಎಲ್ಲ ‘ನಮ್ಮವರು’, ನಮ್ಮವರನ್ನು ಎತ್ತಿ ಹೇಳಿಕೊಳ್ಳುವುದು ಸಭ್ಯತೆ ಅಲ್ಲ. ಫೋನು ಇಟ್ಟ ಮೇಲೆ ಅದೇ ಹುಡುಗ ಅದೇ ತನಕಾ ಎದುರು ಬಗ್ಗಿ ನಿಲ್ಲುತ್ತಾನೆ. ಇದನ್ನು ಕನ್ನಡಕ್ಕೆ ಹಾಗೇ ತಂದು ‘ತನಕಾ ಇಲ್ಲ’ ಅಂದರೆ ಓದುಗರಿಗೆ ಹುಡುಗ ಅಹಂಕಾರಿ ಅನ್ನಿಸುತ್ತಾನೆ. ಮೂಲದಲ್ಲಿ ಅವನು ಅತಿ ವಿನಯದಿಂದ ನಡೆದುಕೊಂಡಿದ್ದಾನೆ. ಇಲ್ಲಿ ಪದಕ್ಕೆ ಪದ ಹುಡುಕಿ ಪ್ರಯೋಜನ ಇಲ್ಲ. ಅದೇ ಕುರ್ಚಿಯಲ್ಲಿ ಕೂತ ನಮ್ಮ ಹುಡುಗ ಏನನ್ನುತ್ತಿದ್ದ ಅಂತ ಕೇಳಿಕೊಳ್ಳಿ. ‘ಸಾಹೇಬರು ಹೊರಗೆ ಹೋಗಿದ್ದಾರೆ ಸಾರ್, ಏನಾದರೂ ಹೇಳಬೇಕಿತ್ತಾ?’ ಅನ್ನುತ್ತಿದ್ದ. ಅದನ್ನೇ ಬರೆಯಿರಿ. ಆದರೆ ಕಥೆಯಲ್ಲಿ ಈ ಒಳಗೆ ಹೊರಗೆ ಅನ್ನುವುದೇ ಮುಖ್ಯವಾಗಿದ್ದರೆ, ಅಂದರೆ ಸಾನ್ ಬಿಟ್ಟಿದ್ದರಿಂದಲೇ ಮುಂದೆ ಏನೋ ಆಗುವುದಾದರೆ, ಸಾನ್ ಹಾಗೇ ಇಡಿ. ಒಂದೆರಡು ಪುಟದಲ್ಲಿ ಓದುಗರಿಗೆ ತಾನೇ ಅಭ್ಯಾಸ ಆಗುತ್ತೆ.

ಉಳಿದವುಗಳ ಮೇಲೂ ಒಂದು ಕಣ್ಣಿರಲಿ. ‘ಸಾಮ’ ಸಾನ್‌ಗಿಂತ ಒಂದು ಮೆಟ್ಟಿಲು ಮೇಲೆ: ಗಿರಾಕಿಗೆ, ಕಾಗದದ ವಿಳಾಸಕ್ಕೆ, ದೇವರಿಗೆ. ಸಾನ್ ಹುಟ್ಟಿದ್ದೂ ಸಾಮ ಸವೆದೇ. ‘ಚಾನ್’ ಮಕ್ಕಳಿಗೆ, ಮುದ್ದಿಗೆ. ನಮ್ಮ ಪುಟ್ಟಿ, ಮರಿ ಅನ್ನುವ ಜಾಗ. ‘ಕುನ್’ ಸಾಮಾನ್ಯವಾಗಿ ಹುಡುಗರಿಗೆ, ಕೈಕೆಳಗಿನವರಿಗೆ. ಆದರೆ ಜಪಾನಿನ ಸಂಸತ್ತಿನಲ್ಲಿ ಸಭಾಧ್ಯಕ್ಷರು ಸದಸ್ಯರನ್ನೆಲ್ಲ, ಅವರು ಎಷ್ಟೇ ಹಿರಿಯರಾಗಿರಲಿ, ಹೆಸರು ಹೇಳಿ ಕುನ್ ಅನ್ನುವುದು ರೂಢಿ. 1993ರಲ್ಲಿ ತಕಾಕೊ ದೋಯಿ ಕೆಳಮನೆಯ ಮೊದಲ ಮಹಿಳಾ ಸಭಾಧ್ಯಕ್ಷೆ ಆದಾಗ ಅದನ್ನು ಬಿಟ್ಟು ಸಾನ್ ಅಂದರು, ಅದೂ ಸುದ್ದಿಯಾಯಿತು. ಮತ್ತೆ ಇನ್ನೊಂದು. ಯಾರೂ ತಮಗೆ ತಾವೇ ಸಾನ್ ಹಾಕಿಕೊಳ್ಳುವುದಿಲ್ಲ. ನಿಮ್ಮ ಕನ್ನಡದಲ್ಲಿ ಪಾತ್ರವೊಂದು ‘ನಾನು ತನಕಾ ಅವರು’ ಅನ್ನದ ಹಾಗೆ ನೋಡಿಕೊಳ್ಳಿ. ಅಚ್ಚಾದ ಪುಸ್ತಕಗಳಲ್ಲೂ ‘ನಾನು ಮಿಸ್ಟರ್ ತನಕಾ’ ನೋಡಿದ್ದೇನೆ.

ಪ್ರ: ಹಳೆಯ ಅಂಗಡಿ ಬೋರ್ಡುಗಳಲ್ಲಿ, ಬಿಲ್ಲುಗಳಲ್ಲಿ ‘ಮೆ||’ ಅಂತಿರುತ್ತೆ. ಏನು? — ಓದುಗರು, ಚಿಕ್ಕಪೇಟೆ, ಬೆಂಗಳೂರು

ಉ: ಮೆಸರ್ಸ್. ಫ್ರೆಂಚಿನ ‘ಮೆಸ್ಯೂ’, ಅಂದರೆ ‘ಮಸ್ಯೂ’ ಅನ್ನುವುದರ ಬಹುವಚನ, ಇಂಗ್ಲಿಷಿಗೆ ಹೋಗಿ ಅಲ್ಲಿಂದ ಚಿಕ್ಕಪೇಟೆಗೆ ಬಂದಿದೆ. ಮೂಲದಲ್ಲಿ ‘ನನ್ನ ಒಡೆಯರೇ’ ಅಂತ. ಪಾಲುದಾರರು ಸೇರಿ ನಡೆಸುವ ವ್ಯಾಪಾರಕ್ಕೆ, ಅದೂ ಜನರ ಹೆಸರಿನಲ್ಲಿ ಇರುವುದಕ್ಕೆ ಹಾಕುತ್ತಿದ್ದ ಮಾತು. ಈಗ ನಮ್ಮಲ್ಲಿ ದೇವರ ಹೆಸರಿನ ಟ್ರೇಡರ್ಸ್‌ಗೂ ಹಾಕುತ್ತಾರೆ. ಹಾಕಲಿ ಬಿಡಿ.

ಪ್ರ: ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಗಿದ್ದ ಯು. ಥಾಂಟ್ ಅವರ ಹೆಸರಿನಲ್ಲಿರುವ ‘ಯು’ ಯಾವುದರ ಇನಿಷಿಯಲ್? ಕ್ವಿಜ್‌ನಲ್ಲಿ ಜಗಳವಾಯಿತು. — ಪದವಿ ವಿದ್ಯಾರ್ಥಿ, ಮಂಗಳೂರು

ಉ: ಯಾವುದರ ಇನಿಷಿಯಲ್ಲೂ ಅಲ್ಲ. ಆ ಚುಕ್ಕಿ ನಮ್ಮ ಪತ್ರಿಕೆಗಳು ಇಟ್ಟಿದ್ದು. ಬರ್ಮಾ ಭಾಷೆಯಲ್ಲಿ ಅದು ‘ಊ’. ಚಿಕ್ಕಪ್ಪ ಅಥವಾ ಮಾವ ಅಂತ ಅರ್ಥ. ವಯಸ್ಸಿನಲ್ಲೋ ಸ್ಥಾನದಲ್ಲೋ ದೊಡ್ಡವರಾದ ಗಂಡಸರ ಹೆಸರಿಗೆ ಮುಂಚೆ ಇಡುತ್ತಾರೆ. ಅವರ ಹೆಸರು ಬರೀ ಥಾಂಟ್, ಒಂದೇ ಪದ. ಬರ್ಮಾದಲ್ಲಿ ಮನೆತನದ ಹೆಸರು ಇಡುವ ಪದ್ಧತಿ ಇಲ್ಲ. ಹುಟ್ಟೂರು ಸೇರಿಸಿ ಪಂತನೊ ಊ ಥಾಂಟ್ ಅಂತಲೂ ಅಲ್ಲಿ ಹೇಳುತ್ತಾರೆ, ಊರ ಹೆಸರು ಮುಂದಿಡುವ ನಮಗೆ ಇದೇನೂ ಹೊಸದಲ್ಲ. 1961ರಿಂದ 1971ರವರೆಗೆ ಪ್ರಪಂಚವೆಲ್ಲ ಅವರನ್ನು ‘ಥಾಂಟ್ ಮಾಮ’ ಅಂತ ಕರೆಯಿತು, ಕರೆಯುತ್ತಿದ್ದೇವೆ ಅಂತ ಬಹಳ ಮಂದಿಗೆ ಗೊತ್ತೇ ಇರಲಿಲ್ಲ.

ಹೆಂಗಸರಿಗೆ ‘ದೋ’, ಚಿಕ್ಕಮ್ಮ ಅತ್ತೆ ಅನ್ನುವ ಹಾಗೆ. ಆಂಗ್ ಸಾನ್ ಸೂ ಚಿ ಅವರನ್ನು ಅವರ ಊರಿನವರು ದೋ ಸೂ ಅನ್ನುವುದು ಅದಕ್ಕೇ. ಓರಗೆಯವರಿಗೆ ‘ಕೊ’, ಅಣ್ಣ. ಚಿಕ್ಕವರಿಗೆ ‘ಮೌಂಗ್’, ತಮ್ಮ. ಹೆಸರು ಒಂದೇ, ವಯಸ್ಸಾದಂತೆ ಮುಂದಿನದು ಬದಲಾಗುತ್ತಾ ಹೋಗುತ್ತೆ. ಇಂಡೋನೇಷ್ಯಾದಲ್ಲೂ ನಂಟಿನದೇ ಮಾತು. ‘ಪಾಕ್’ ಅಂದರೆ ಅಪ್ಪ, ‘ಬು’ ಅಂದರೆ ಅಮ್ಮ. ರಾಷ್ಟ್ರಪತಿಯೂ ಪಾಕ್, ಮೇಷ್ಟ್ರೂ ಪಾಕ್.

ಇದೆಲ್ಲ ಕನ್ನಡಕ್ಕೆ ಬರುವುದು ಸುಲಭ. ಬಸ್ಸಿನಲ್ಲಿ ‘ಅಕ್ಕಾ, ಸ್ವಲ್ಪ ಜರುಗಿ’, ಅಂಗಡಿಯಲ್ಲಿ ‘ಅಣ್ಣಾ, ಒಂದು ಕೇಜಿ’. ಕಷ್ಟ ಆಗುವುದು ಇಂಗ್ಲಿಷಿಗೆ ಹೋಗುವಾಗ. ಅಣ್ಣ ಅಂದಿದ್ದನ್ನು ಬ್ರದರ್ ಅಂತ ಹಾಕಿದರೆ ಒಂದೋ ಒಡಹುಟ್ಟಿದವನು ಆಗುತ್ತಾನೆ, ಇಲ್ಲ ಚರ್ಚಿನವನು ಆಗುತ್ತಾನೆ. ಅದಕ್ಕೇ ಈಗಿನ ಅನುವಾದಕರು ಅಣ್ಣ, ಅಕ್ಕ, ಅಜ್ಜಿಗಳನ್ನು ಹಾಗೇ ಬಿಡುತ್ತಿದ್ದಾರೆ. ಒಳ್ಳೆಯದೇ ಮಾಡುತ್ತಿದ್ದಾರೆ.

ಪ್ರ: ತಮ್ಮನ ಲಗ್ನಪತ್ರಿಕೆ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಬೇಕು, ಅವನ ಆಫೀಸಿನ ವಿದೇಶಿ ಗೆಳೆಯರು ಬರುತ್ತಾರೆ. ಕನ್ನಡದ್ದರಲ್ಲಿ ಚಿ.ರಾ., ಚಿ.ಕುಂ.ಸೌ., ರಾ.ರಾ., ಗಂ.ಭಾ. ಎಲ್ಲ ಇದೆ. ಹೇಗೆ ಭಾಷಾಂತರ ಮಾಡುವುದು? — ವರನ ಅಣ್ಣ, ಬಾಗಲಕೋಟೆ

ಉ: ಮಾಡಬೇಡಿ. ಇಂಗ್ಲಿಷಿನಲ್ಲಿ ಹುಡುಗ ಹುಡುಗಿಯ ಹೆಸರು ಸಾಕು.

ಕಾರಣ ಹೇಳುತ್ತೇನೆ. ಚಿ. ಅಂದರೆ ಚಿರಂಜೀವಿ, ಬಹಳ ಕಾಲ ಬದುಕು ಅಂತ. ಚಿ.ಕುಂ.ಸೌ. ಅಂದರೆ ಚಿರಂಜೀವಿ ಕುಂಕುಮ ಸೌಭಾಗ್ಯವತಿ. ಇವು ಮಿಸ್ಟರ್ ಥರದ ಮರ್ಯಾದೆ ಮಾತುಗಳಲ್ಲ, ಆಶೀರ್ವಾದಗಳು. ಹಿರಿಯರು ಕಿರಿಯರಿಗೆ ಕೊಡುವಂಥವು. ಲಗ್ನಪತ್ರಿಕೆ ಬರೆಯುವವರು ಅಪ್ಪ ಅಮ್ಮ ಅಥವಾ ಮನೆಯ ಹಿರಿಯರು, ‘ನಮ್ಮ ಸುಪುತ್ರ ಚಿ.’ ಅಂತ ಅವರು ಹೇಳಿದಾಗ ಅದು ಒಪ್ಪುತ್ತೆ. ಈಚೆಗೆ ಹುಡುಗ ಹುಡುಗಿ ತಾವೇ ಕರೆಯುವ ಪತ್ರಿಕೆಯಲ್ಲೂ ಇದನ್ನು ಹಾಗೇ ಉಳಿಸಿರುತ್ತಾರೆ. ತಮಗೆ ತಾವೇ ಆಶೀರ್ವಾದ ಮಾಡಿಕೊಂಡ ಹಾಗೆ! ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ್ದು ಇಲ್ಲ. ‘ದೀರ್ಘಾಯುಷಿ’ ಅಂತ ಅರ್ಥ ಹಿಡಿದು ಹಾಕಿದರೆ ಪಾಪ ಆ ಗೆಳೆಯರು ಹುಡುಗನಿಗೆ ಎಷ್ಟು ವಯಸ್ಸು ಅಂತ ಗಾಬರಿಯಾಗುತ್ತಾರೆ.

ರಾ.ರಾ. ಅಂದರೆ ರಾಜಮಾನ್ಯ ರಾಜಶ್ರೀ. ಹಳೆಯ ದರ್ಬಾರಿನ ಒಕ್ಕಣೆ, ಮರಾಠಿಯಲ್ಲೂ ಇದೆ. ಮದ್ರಾಸ್ ಪ್ರಾಂತದ ಕಾಗದಗಳಲ್ಲಿ ಇದೇ ಜಾತಿಯ ‘ಮಹಾರಾಜ ರಾಜಶ್ರೀ’ ಇತ್ತು, ಸಾಮಾನ್ಯ ಗುಮಾಸ್ತರಿಗೂ ಹಾಕುತ್ತಿದ್ದರು. ರಾಜ ಎಲ್ಲೂ ಇಲ್ಲ, ಬಿರುದು ಮಾತ್ರ ಉಳಿದಿದೆ.

ಗಂ.ಭಾ. ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಗಂಗಾ ಭಾಗೀರಥಿ ಅಂತ ಅದರ ವಿಸ್ತಾರ, ಕೇಳಲು ಬಹಳ ಪವಿತ್ರ. ಗಂಡ ತೀರಿಹೋದವರ ಹೆಸರಿಗೆ ಮಾತ್ರ ಹಾಕುವ ಗುರುತು ಅದು. ಹೆಂಡತಿ ತೀರಿಹೋದ ಗಂಡಸಿಗೆ ಯಾವ ನದಿಯ ಹೆಸರೂ ಇಲ್ಲ, ಅಲ್ವಾ? ಮೊಮ್ಮಗನ ಮದುವೆಯ ಕರೆಯೋಲೆಯಲ್ಲಿ ಆ ಅಜ್ಜಿಯನ್ನು ಗಂಡ ಇಲ್ಲದವಳು ಅಂತ ಊರಿಗೆಲ್ಲ ಅಚ್ಚು ಹಾಕಿ ಹಂಚಬೇಕಾ? ಇಂಗ್ಲಿಷಿನದ್ದರಲ್ಲಿ ಹೇಗೂ ಬೇಡ, ಕನ್ನಡದ್ದರಲ್ಲೂ ತೆಗೆದು ‘ಶ್ರೀಮತಿ’ ಅಂತ ಮಾಡಿಸಿ. ಪ್ರೆಸ್ಸಿನವರು ಹಳೆಯ ಮಾದರಿಯಲ್ಲಿ ಹೆಸರು ಮಾತ್ರ ಬದಲಾಯಿಸಿ ಕೊಡುತ್ತಾರೆ, ಪ್ರೂಫ್ ನೋಡುವಾಗ ನೀವೇ ಹೊಡೆದುಹಾಕಬೇಕು. ಹಾಗೇ ‘ಶ್ರೀಮತಿ ಮತ್ತು ಶ್ರೀ’ ಅಂತ ಬರೆದು ಗಂಡಸಿನ ಹೆಸರೊಂದನ್ನೇ ಹಾಕಿದ್ದರೆ ಅದನ್ನೂ ಸರಿಮಾಡಿಸಿ. ಅದು ಇಂಗ್ಲಿಷರಿಂದ ಬಂದ ಚಾಳಿ. ಅಮ್ಮನಿಗೂ ಒಂದು ಹೆಸರಿದೆ.

ಪ್ರ: ನಮ್ಮ ಕಂಪನಿಯಲ್ಲಿ ಎಲ್ಲರೂ ಬಾಸನ್ನು ಹೆಸರು ಹಿಡಿದು ಕರೆಯಬೇಕು ಅಂತಾರೆ. ಇಂಗ್ಲಿಷಿನಲ್ಲಿ ಸರಿ, ಬಾಸ್ ಕನ್ನಡದವರೇ, ಕನ್ನಡದಲ್ಲಿ ಮಾತಾಡುವಾಗ ನಾಲಿಗೆ ಹೊರಳುವುದಿಲ್ಲ. — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉ: ನಿಮ್ಮ ಕಷ್ಟ ಸ್ವೀಡನ್ನಿನವರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿ 1960ರ ದಶಕದವರೆಗೂ ದೊಡ್ಡವರನ್ನು ನೀನು ಅನ್ನುವ ಹಾಗಿರಲಿಲ್ಲ, ನೀವು ಅಂದರೂ ಕೆಳಗಿನವರಿಗೆ ಹೇಳಿದ ಹಾಗೆ ಕೇಳಿಸುತ್ತಿತ್ತು. ಎದುರಿಗೇ ನಿಂತ ನಿರ್ದೇಶಕರನ್ನು ‘ನಿರ್ದೇಶಕರು ಕಾಫಿ ತಗೋತಾರಾ?’ ಅಂತ ಕೇಳಬೇಕಿತ್ತು. ಹುದ್ದೆ ಗೊತ್ತಿಲ್ಲದಿದ್ದರೆ ಬಾಯಿ ಬಿಡುವುದೇ ಕಷ್ಟ. ಹಾಗಾಗಿ ಯಾರನ್ನೂ ಕರೆಯದೆ ವಾಕ್ಯ ಮುಗಿಸುವ ನೂರೆಂಟು ಉಪಾಯ ಕಂಡುಕೊಂಡಿದ್ದರು. 1967ರಲ್ಲಿ ಬ್ರೂರ್ ರೆಕ್ಸೆದ್ ಅನ್ನುವವರು ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದು, ನಾನು ಇಲ್ಲಿ ಎಲ್ಲರಿಗೂ ‘ದು’, ಅಂದರೆ ನೀನು, ಅನ್ನುತ್ತೇನೆ ಅಂದರು. ಅವರೇ ಮೊದಲಿಗರಲ್ಲ, ಗಾಳಿ ಆಗಲೇ ಆ ಕಡೆ ಬೀಸುತ್ತಿತ್ತು. ಆದರೆ ಆ ಬದಲಾವಣೆಗೆ ಅವರ ಹೆಸರೇ ಅಂಟಿತು. ಈಗ ಅಲ್ಲಿ ರಾಜಮನೆತನ ಬಿಟ್ಟು ಎಲ್ಲರೂ ದು.

ಕನ್ನಡದಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಹೆಸರು ಹೇಳಿ ಕ್ರಿಯಾಪದದಲ್ಲಿ ಮರ್ಯಾದೆ ಇಡಬಹುದು: ‘ರಮೇಶ್, ನೀವು ನೋಡಿದ್ರಾ?’ ಬಿರುದೂ ಬೇಡ, ಏಕವಚನವೂ ಆಗಲಿಲ್ಲ. ಅದೂ ಬರಲ್ಲ ಅಂದರೆ ನಮ್ಮದೇ ಹಳೆಯ ಜಾಣತನ ಇದೆ. ‘ಊಟ ಆಯ್ತಾ?’ ‘ಯಾವಾಗ ಬಂದದ್ದು?’ ‘ಎಲ್ಲಿಗೆ ಹೊರಟಿದ್ದು?’ ಇವುಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ, ಹೆಸರೂ ಇಲ್ಲ. ಹೊಸ ಅಳಿಯನ ಜೊತೆ ಮಾತಾಡುವ ಅತ್ತೆಯರನ್ನು ಗಮನಿಸಿ, ಇಡೀ ವಾರ ಹೀಗೇ ನಡೆಸುತ್ತಾರೆ.

ಪ್ರ: ಸಂಘದ ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಮುಂದೆ ‘ಪದ್ಮಶ್ರೀ’ ಹಾಕಬಹುದಾ? — ಕನ್ನಡ ಸಂಘದ ಕಾರ್ಯದರ್ಶಿ, ಪುಣೆ

ಉ: ಹಾಕಬಾರದು. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಸೇನೆಯ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಹಾಗಾಗಿ ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಅಂತ 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಕೊನೆಯಲ್ಲಿ ‘ಶ್ರೀ’ ಇರುವುದರಿಂದ ಜನಕ್ಕೆ ಮುಂದೆ ಹಾಕಬೇಕು ಅನ್ನಿಸುತ್ತೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪದ್ಮಶ್ರೀ ಪುರಸ್ಕೃತರು’ ಅಂತ ಪರಿಚಯ ಬರೆಯಿರಿ. ಹಾಗಾದರೆ ಸರ್ ಎಂ. ವಿಶ್ವೇಶ್ವರಯ್ಯ? ಅದು ಬ್ರಿಟಿಷರು 1915ರಲ್ಲಿ ಕೊಟ್ಟಿದ್ದು, ಸಂವಿಧಾನಕ್ಕಿಂತ ಹಳೆಯದು. ಆ ‘ಸರ್’ಗೆ ಇಂಗ್ಲೆಂಡಿನಲ್ಲಿ ಇನ್ನೊಂದು ನಿಯಮ ಇದೆ, ಸ್ವಂತ ಹೆಸರಿಗೆ ಅಂಟಬೇಕು, ಮನೆತನದ ಹೆಸರಿಗಲ್ಲ. ಮೋಕ್ಷಗುಂಡಂ ಊರ ಹೆಸರು, ವಿಶ್ವೇಶ್ವರಯ್ಯ ಸ್ವಂತ ಹೆಸರು. ಹಾಗಾಗಿ ‘ಸರ್ ವಿಶ್ವೇಶ್ವರಯ್ಯ’ ಅಂದರೆ ಅವರ ಲೆಕ್ಕಕ್ಕೂ ಸರಿಯೇ.

ಪ್ರ: ಮಗ ಇಂಗ್ಲೆಂಡಿನಲ್ಲಿ ಸರ್ಜನ್. ದೊಡ್ಡ ಪರೀಕ್ಷೆ ಪಾಸಾದ ಮೇಲೆ ಆಸ್ಪತ್ರೆಯಲ್ಲಿ ಅವನ ಹೆಸರಿನ ಮುಂದಿನ ಡಾ. ತೆಗೆದು ‘ಮಿಸ್ಟರ್’ ಹಾಕಿದ್ದಾರೆ. ಏನಾದರೂ ಶಿಕ್ಷೆಯೇ? ಅವನಂತೂ ನಗುತ್ತಾನೆ. — ತಾಯಿ, ಹಾಸನ

ಉ: ಶಿಕ್ಷೆ ಅಲ್ಲಮ್ಮ, ಬಡ್ತಿ. ಅಲ್ಲಿ ಹಿಂದೆ ಔಷಧಿ ಕೊಡುವವರು ಮಾತ್ರ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರ್ ಅನ್ನಿಸಿಕೊಳ್ಳುತ್ತಿದ್ದರು. ಕೊಯ್ದು ಹೊಲಿಯುವವರು ಗುರುವಿನ ಕೈಕೆಳಗೆ ಕೆಲಸ ಕಲಿತವರು. ಲಂಡನ್ನಿನಲ್ಲಿ 1540ರಿಂದ 1745ರವರೆಗೆ ಸರ್ಜನ್ನರದ್ದೂ ಕ್ಷೌರಿಕರದ್ದೂ ಒಂದೇ ಸಂಘ. ಆಗ ಡಾಕ್ಟರ್ ಅನ್ನುವ ಹಕ್ಕು ಇರಲಿಲ್ಲ, ಬರೀ ಮಿಸ್ಟರ್. ಆಮೇಲೆ ಅವರಿಗೂ ಅದೇ ಓದು, ಅದೇ ಡಿಗ್ರಿ ಬಂತು. ಆದರೂ ಮಿಸ್ಟರ್ ಬಿಡಲಿಲ್ಲ, ಅದನ್ನೇ ಹೆಮ್ಮೆ ಮಾಡಿಕೊಂಡರು. ಈಗ ಓದು ಮುಗಿಸಿದಾಗ ಮಿಸ್ಟರಿನಿಂದ ಡಾಕ್ಟರ್ ಆಗುತ್ತಾರೆ, ಸರ್ಜನ್ನರ ಕಾಲೇಜಿನ ಪರೀಕ್ಷೆ ಪಾಸಾದ ಮೇಲೆ ಡಾಕ್ಟರಿನಿಂದ ಮತ್ತೆ ಮಿಸ್ಟರ್. ಹೆಂಗಸರಾದರೆ ಮಿಸ್, ಮಿಸೆಸ್ ಅಥವಾ ಮಿಜ್, ಅವರಿಗೆ ಬೇಕಾದ್ದು. ಹಾಸನದಲ್ಲಿ ನೀವು ಡಾಕ್ಟರ್ ಅಂತಲೇ ಹೇಳಿ. ಇಲ್ಲಿ ಮಿಸ್ಟರ್ ಅಂದರೆ ಯಾರೂ ನಾಡಿ ತೋರಿಸಲ್ಲ.